ಬೇಲೂರಿನ ಬೀದಿಯಲ್ಲಿ ಒಂದು ಕಿಟಕಿ

ಬೇಲೂರಿಗೆ ನೀವು ಬಂದೇ ಇರುತ್ತೀರಿ. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸದರಲ್ಲೋ, ಇಲ್ಲವೇ ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ವ್ಯಾನು ನಿಲ್ಲಿಸಿಕೊಂಡೋ. ಗೋಪುರದ ಹತ್ತಿರ ಚಪ್ಪಲಿ ಬಿಟ್ಟು, ಕಾದ ಹಾಸುಗಲ್ಲಿನ ಮೇಲೆ ಕಾಲು ಸುಟ್ಟುಕೊಂಡು ಓಡಿ, ಚೆನ್ನಕೇಶವನಿಗೆ ಕೈ ಮುಗಿದು, ದರ್ಪಣ ಸುಂದರಿಯ ಕೆಳಗೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡು, ಹೊರಗೆ ಬಂದು ಎಳನೀರು ಕುಡಿದು ಹಳೇಬೀಡಿನ ಕಡೆ ಹೊರಟಿರುತ್ತೀರಿ. ಹಳೇಬೀಡು ಇಲ್ಲಿಂದ ಹದಿನಾರೇ ಕಿಲೋಮೀಟರು. ಹಾಗಾಗಿ ಯಾರಿಗೂ ಬೇಲೂರಿನಲ್ಲಿ ಕೂತು ಸುಧಾರಿಸಿಕೊಳ್ಳುವಷ್ಟು ಪುರಸೊತ್ತು ಇರುವುದಿಲ್ಲ.

ದೇವಸ್ಥಾನವನ್ನು ನೋಡಿದಿರಿ, ಸರಿ. ದೇವಸ್ಥಾನದ ಪಕ್ಕದ ಮನೆಗಳನ್ನು ನೋಡಿದಿರಾ? ಇಲ್ಲ ಅಂತ ನನಗೆ ಗೊತ್ತು. ಯಾಕೆಂದರೆ ಆ ಮನೆಗಳಲ್ಲೊಂದರ ಜಗಲಿಯ ಮೇಲೆ ಕೂತು ನಿಮ್ಮನ್ನು ನಾನು ನೋಡುತ್ತಿರುತ್ತೇನೆ!

2001ರಲ್ಲಿ ನಾನು ಸೇರೊದ್ದು ಒಳಗೆ ಬಂದ ಮನೆ ಇದು. ಗೋಡೆಗೆ ಗೋಡೆ ತಾಗಿಸಿ ಸಾಲಾಗಿ ಕಟ್ಟಿದ ಹೆಂಚಿನ ಮನೆಗಳು. ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ಜಗಲಿ, ಆಮೇಲೆ ಪಡಸಾಲೆ, ನಡುಮನೆ, ದೇವರಮನೆ, ಕೊನೆಯಲ್ಲಿ ಅಡುಗೆಮನೆ, ಅದರ ಮಗ್ಗುಲಿಗೆ ಬಚ್ಚಲು. ಎಡಕ್ಕೂ ಬಲಕ್ಕೂ ಬೇರೆಯವರ ಗೋಡೆ. ಅಲ್ಲಿ ಕಿಟಕಿ ಇಡುವ ಮಾತೇ ಇಲ್ಲ. ಬೀದಿಯ ಕಡೆಯಿಂದ ಬಂದ ಬೆಳಕು ಪಡಸಾಲೆಯಲ್ಲಿ ಅರ್ಧ ಖರ್ಚಾಗಿ, ನಡುಮನೆಯಲ್ಲಿ ಮುಕ್ಕಾಲು ಖರ್ಚಾಗಿ, ಅಡುಗೆಮನೆಗೆ ಬರುವಷ್ಟರಲ್ಲಿ ಮುಗಿದೇ ಹೋಗುತ್ತದೆ. ನನ್ನ ತವರು ಅರಸೀಕೆರೆ ಕಡೆ. ಬಯಲುಸೀಮೆ, ಮನೆಯೊಳಗೂ ಬಿಸಿಲು. ಅಲ್ಲಿಂದ ಬಂದವಳು ಇಲ್ಲಿಯ ಅಡುಗೆಮನೆ ಹೊಸ್ತಿಲಲ್ಲಿ ನಿಂತು ಮೊದಲ ದಿನ ಕಣ್ಣು ಕಿರಿದು ಮಾಡಿಕೊಂಡು ಒಲೆ ಎಲ್ಲಿದೆ ಅಂತ ಹುಡುಕಿದ್ದೆ. "ಎರಡು ದಿನ ಹೋದರೆ ಅಭ್ಯಾಸ ಆಗುತ್ತೆ ಬಾ" ಅಂದಿದ್ದರು ನಮ್ಮತ್ತೆ.

ಅಭ್ಯಾಸವೇನೋ ಆಯಿತು. ಇಪ್ಪತ್ತೊಂದು ವರ್ಷ ಹಗಲು ಹೊತ್ತಿನಲ್ಲೇ ಬಲ್ಬು ಹಾಕಿಕೊಂಡು ಅಡುಗೆ ಮಾಡಿದೆ. ಬಲ್ಬಿನ ಬೆಳಕು ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಅದು ಕೋಣೆಯ ನಡುವೆ, ನಮ್ಮ ಬೆನ್ನ ಹಿಂದೆ ಇರುತ್ತದೆ. ಈಳಿಗೆಮಣೆಯ ಮುಂದೆ ಕೂತರೆ ನಮ್ಮ ನೆರಳು ನಮ್ಮ ಕೈಮೇಲೇ ಬೀಳುತ್ತದೆ. ಹುರುಳಿಕಾಯಿ ನಾರು ಕಾಣುವುದಿಲ್ಲ, ಸೊಪ್ಪಿನಲ್ಲಿ ಹುಳ ಕಾಣುವುದಿಲ್ಲ. ಅಕ್ಕಿ ಆರಿಸಬೇಕಾದರೆ ಮೊರ ಎತ್ತಿಕೊಂಡು ಜಗಲಿಗೇ ಹೋಗಬೇಕು.

2022ರ ಶ್ರಾವಣ. ನಾಳೆ ವರಮಹಾಲಕ್ಷ್ಮಿ ಹಬ್ಬ ಅನ್ನುವ ಹಿಂದಿನ ಸಂಜೆ. ನಮ್ಮತ್ತೆ ಅಡುಗೆಮನೆಯಿಂದ ಬಚ್ಚಲಿಗೆ ಇಳಿಯುತ್ತಿದ್ದರು. ಅಲ್ಲಿ ಒಂದೇ ಒಂದು ಮೆಟ್ಟಿಲು. ಹಾಳಾದ್ದು ಕರೆಂಟು ಆಗಲೇ ಹೋಗಬೇಕೆ? ಅರವತ್ತು ವರ್ಷ ಇಳಿದು ಹತ್ತಿದ ಮೆಟ್ಟಿಲೇ ಅವರ ಕಾಲಿಗೆ ಸಿಗಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು. ಹಾಸನಕ್ಕೆ ಕರೆದುಕೊಂಡು ಹೋಗಿ ಹಿಟ್ಟು ಹಾಕಿಸಿದ್ದಾಯಿತು. ಒಂದು ಕಣ್ಣಿಗೆ ಪೊರೆ ತೆಗೆಸಿದೆ, ಇನ್ನೊಂದಕ್ಕೆ ಆಗಿಲ್ಲ, ಎಪ್ಪತ್ತೆಂಟು ವರ್ಷ. "ಮನೇಲಿ ಬೆಳಕಿರಲಿ, ಇನ್ನೊಂದು ಸಲ ಬಿದ್ದರೆ ಸೊಂಟ" ಅಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಅಡುಗೆಮನೆಯ ಹಿಂದಿನ ಗೋಡೆಗೆ, ಹಿತ್ತಲ ಕಡೆಗೆ, ಒಂದು ಕಿಟಕಿ.

ನಮ್ಮ ಮನೆಯವರು ಮೊದಲು ಸುಲಭದ ದಾರಿ ನೋಡಿದರು. ಮಾಡಿನ ಮೇಲೆ ಎರಡು ಗಾಜಿನ ಹೆಂಚು ಹಾಕಿಸಿದರು. ಮಂಗಳೂರು ಹೆಂಚಿನ ಅಳತೆಗೇ ಸಿಗುತ್ತದಲ್ಲ, ಅದು. ಒಂದು ಹೆಂಚು ತೆಗೆದು ಅದರ ಜಾಗಕ್ಕೆ ಕೂರಿಸಿದರೆ ಮುಗಿಯಿತು. ನಿಮ್ಮದು ಹೆಂಚಿನ ಮನೆಯಾಗಿದ್ದರೆ ಖಂಡಿತ ಹಾಕಿಸಿ, ಮಳೆಗಾಲದ ಪಾಚಿಯನ್ನು ವರ್ಷಕ್ಕೊಮ್ಮೆ ಒರೆಸಿದರೆ ಸಾಕು. ಆದರೆ ನಮ್ಮ ಅಡುಗೆಮನೆಯ ಮೇಲೆ ಅಟ್ಟ ಇದೆ! ಬೆಳಕೆಲ್ಲ ಅಟ್ಟಕ್ಕೆ ಬಿತ್ತು. ಇಲಿಗಳಿಗೆ ಅನುಕೂಲವಾಯಿತು, ನಮಗೇನೂ ಇಲ್ಲ.

ಸರಿ, ಗೋಡೆಗೇ ಕಿಟಕಿ ಅಂತ ಮೇಸ್ತ್ರಿಯನ್ನು ಕರೆಸಿದೆವು. ಅವನು ಗೋಡೆ ನೋಡಲಿಲ್ಲ; ಹಿತ್ತಲಲ್ಲಿ ನಿಂತು ದೇವಸ್ಥಾನದ ಕಡೆ ನೋಡಿದ. "ಇದು ನೂರು ಮೀಟರೊಳಗೆ ಬರುತ್ತಲ್ಲಮ್ಮ. ಪರ್ಮಿಷನ್ ಇಲ್ದೆ ನಾನು ಸುತ್ತಿಗೆ ಎತ್ತಲ್ಲ" ಅಂದ.

ನೀವು ಶ್ರೀರಂಗಪಟ್ಟಣದವರೋ, ಬಾದಾಮಿ, ಐಹೊಳೆ, ಲಕ್ಕುಂಡಿ ಕಡೆಯವರೋ ಆಗಿದ್ದರೆ ಈ ನೂರು ಮೀಟರಿನ ಮಾತು ನಿಮಗೆ ಹೊಸದಲ್ಲ. ಉಳಿದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಾಚೀನ ಸ್ಮಾರಕಗಳಿಗೆ ಅಂತ 1958ರ ಒಂದು ಕೇಂದ್ರ ಕಾಯಿದೆ ಇದೆ. ಕೇಂದ್ರ ಪುರಾತತ್ವ ಇಲಾಖೆ ಕಾಪಾಡುವ ಸ್ಮಾರಕದ ಗಡಿಯಿಂದ ನೂರು ಮೀಟರು ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ. 1992ರ ಜೂನ್ 16ರಂದು ಇದನ್ನು ಹೊರಡಿಸಿದರು, 2010ರ ತಿದ್ದುಪಡಿಯಲ್ಲಿ ಬಿಗಿ ಮಾಡಿದರು. ನೂರು ಮೀಟರೊಳಗೆ ಹೊಸದಾಗಿ ಕಟ್ಟುವ ಹಾಗೇ ಇಲ್ಲ. ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಕಿಟಕಿ ಇಡಲು ಹೋಗಿ ಕಂಬಿ ಎಣಿಸುವುದೇ!

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಸಿಟ್ಟೂ ಬಂತು. ಒಂಬೈನೂರು ವರ್ಷದ ದೇವಸ್ಥಾನಕ್ಕೆ ನನ್ನ ಅಡುಗೆಮನೆಯ ಕಿಟಕಿಯಿಂದ ಏನು ತೊಂದರೆ? ಆದರೆ ಬೆಳಿಗ್ಗೆ ರಂಗೋಲಿ ಹಾಕುತ್ತಾ ಗೋಪುರ ನೋಡಿದಾಗ ಇನ್ನೊಂದು ಯೋಚನೆಯೂ ಬಂತು. ಈ ಕಾಯಿದೆ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಮ್ಮ ಅಕ್ಕಪಕ್ಕ ನಾಲ್ಕು ಮಹಡಿಯ ಲಾಡ್ಜು ಎದ್ದು, ಗೋಪುರ ಅದರ ಹಿಂದೆ ಅಡಗಿ, ನಾನು ರಂಗೋಲಿ ಹಾಕುವ ಜಾಗದಲ್ಲಿ ಕಾರು ನಿಲ್ಲುತ್ತಿತ್ತು. ಎರಡೂ ನಿಜವೇ. ಯಾವ ನಿಜವನ್ನು ಹಿಡಿದುಕೊಳ್ಳಬೇಕೋ ಗೊತ್ತಾಗಲಿಲ್ಲ.

ಅದೇ ಕಾಯಿದೆಯಲ್ಲಿ ಒಂದು ಸಂದಿ ಇದೆ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯಾದರೆ ಅದರ ದುರಸ್ತಿಗೂ ನವೀಕರಣಕ್ಕೂ ಅರ್ಜಿ ಹಾಕಿಕೊಳ್ಳಬಹುದು. ದುರಸ್ತಿ ಅಂದರೆ ಏನು ಅಂತಲೂ ಬರೆದಿದ್ದಾರೆ. ಈಗಾಗಲೇ ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ. ಕಟ್ಟುವುದಾಗಲಿ, ಕೆಡವಿ ಮತ್ತೆ ಕಟ್ಟುವುದಾಗಲಿ ಅಲ್ಲ. ಇದು ನನಗೆ ತಿಳಿಯುವ ಮೊದಲೇ ನಾನು ಒಂದು ಅರ್ಜಿ ಕೊಟ್ಟು ಕೆಡಿಸಿಕೊಂಡಿದ್ದೆ. ಹೈಸ್ಕೂಲಿನ ಕನ್ನಡದಲ್ಲಿ ಅಂದವಾಗಿ "ಹೊಸ ಕಿಟಕಿ ಕಟ್ಟಿಸಲು ಅನುಮತಿ ಕೋರಿ" ಅಂತ ಬರೆದಿದ್ದೆ. ಒಂದು ಕಛೇರಿಯ ಮೇಜಿನ ಹಿಂದೆ ಕೂತಿದ್ದವರು ಓದಿ, "ಹೊಸದು, ಕಟ್ಟೋದು, ಎರಡೂ ಆಗಲ್ಲಮ್ಮ" ಅಂತ ಕಾಗದವನ್ನು ನನ್ನ ಕಡೆಗೇ ತಳ್ಳಿದರು. ಕಣ್ಣಲ್ಲಿ ನೀರು ಬಂತು. ಹೊರಗೆ ಅರ್ಜಿ ಟೈಪು ಮಾಡಿಕೊಡುವ ಹುಡುಗ ನೋಡಿ, "ಆಂಟಿ, ಇರೋ ಗೋಡೇಲಿ ತಾನೇ ತೆರೆಯೋದು? ಹಾಗಾದ್ರೆ ಇರೋ ಗೋಡೆಯಲ್ಲಿ ಬದಲಾವಣೆ ಅಂತ ಬರೀರಿ, ಅದೇ ಸರಿ" ಅಂದ. ಸುಳ್ಳೇನಲ್ಲವಲ್ಲ! ಸರ್ಕಾರಕ್ಕೆ ಬರೆಯುವಾಗ ನಾವು ಏನು ಮಾಡುತ್ತೇವೋ ಅದಕ್ಕೆ ಅವರ ಪುಸ್ತಕದಲ್ಲಿ ಯಾವ ಹೆಸರಿದೆ ಅಂತ ಮೊದಲು ತಿಳಿದುಕೊಳ್ಳಿ, ಸೋದರಿಯರೇ. ನನ್ನ ಎರಡು ತಿಂಗಳು ಆ ಒಂದು ಪದಕ್ಕೆ ಹೋಯಿತು.

ಮನೆ 1992ಕ್ಕೆ ಮುಂಚಿನದು ಅನ್ನುವುದಕ್ಕೆ ದಾಖಲೆ ಬೇಕು. ಗೋಡೆಗಳೇ ಹೇಳುತ್ತವಲ್ಲ ಅಂದರೆ ಆಗುತ್ತದೆಯೇ? ಹಳೆಯ ಕಂದಾಯದ ರಸೀದಿಗಳು ಇವೆ ಅಂತ ಗೊತ್ತಿತ್ತು. ಮಾವನವರ ಕಬ್ಬಿಣದ ಟ್ರಂಕಿನಲ್ಲಿ. ಮಾವನವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಟ್ರಂಕಿನ ಬೀಗದಕೈ ನಮ್ಮತ್ತೆಯ ಸೊಂಟದಲ್ಲಿ.

ಅಲ್ಲಿ ನೋಡಿ ನನ್ನ ಬಂಡಿ ನಿಂತಿತು. ಯಾರ ಸಲುವಾಗಿ ಕಿಟಕಿಯೋ ಅವರೇ ಬೇಡ ಅಂದರು!

"ಬೇಡ ಕಣೇ. ನನಗೆ ಕಿಟಕಿ ಬೇಡ."

"ಯಾಕತ್ತೆ? ನಿಮಗೋಸ್ಕರ ತಾನೇ ಇಷ್ಟೆಲ್ಲ..."

"ನನಗೋಸ್ಕರ ಆದ್ರೆ ಬೇಡ ಅಂತಾ ಇದೀನಲ್ಲ."

ನಾನು ವಾಸ್ತುವಿನ ಹೆದರಿಕೆ ಇರಬೇಕು ಅಂದುಕೊಂಡೆ. ಬೀದಿಯಲ್ಲಿ ಒಬ್ಬಿಬ್ಬರು ಅದನ್ನೂ ಊದಿದ್ದರು. ಭಾವನವರು ಶಿವಮೊಗ್ಗದಿಂದ ಫೋನಿನಲ್ಲಿ "ಒಂದು ದೊಡ್ಡ ಬಲ್ಬು ಹಾಕಿದರಾಗಲ್ವೆ? ಹಳೇ ಗೋಡೆ ತಂಟೆಗೆ ಯಾಕೆ ಹೋಗ್ತೀರಿ" ಅಂದಿದ್ದು ಅವರ ಕಿವಿಗೂ ಬಿದ್ದಿರಬೇಕು. ಖಾತೆ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿರುವುದರಿಂದ ಭಾವನವರ ರುಜುವೂ ಬೇಕಿತ್ತು. ಅಮ್ಮ ಒಪ್ಪಿದರೆ ನಾನೂ ಒಪ್ಪಿದೆ ಅಂತ ಅವರು ಜಾರಿಕೊಂಡರು. ಮನೆಯವರೋ, ಅತ್ತೆಸೊಸೆ ಮಧ್ಯೆ ನಾನಿಲ್ಲಪ್ಪಾ ಅಂತ ಪೇಪರು ಹಿಡಿದು ಜಗಲಿಗೆ ಹೋದರು. ಗಂಡಸರು ಇಂಥ ಹೊತ್ತಿನಲ್ಲಿ ಪೇಪರನ್ನು ಎಷ್ಟು ಗಮನವಿಟ್ಟು ಓದುತ್ತಾರೆ ನೋಡಿ.

ಒಂದು ಮಧ್ಯಾಹ್ನ, ಊಟವಾದ ಮೇಲೆ, ಅಡುಗೆಮನೆಯಲ್ಲೇ ಅವರ ಕೈಗೆ ಎಣ್ಣೆ ಹಚ್ಚುತ್ತಾ ಕೂತಿದ್ದೆ. ಹಿಟ್ಟು ಬಿಚ್ಚಿ ತಿಂಗಳಾಗಿತ್ತು. ಆಗ ಅವರಾಗಿಯೇ ಹೇಳಿದರು. 1961ರಲ್ಲಿ ಅವರು ಈ ಮನೆಗೆ ಬಂದಾಗ ಹದಿನೇಳು ವರ್ಷ. ಮನೆ ತುಂಬ ಜನ. ಮಾವ, ಅತ್ತೆ, ವಿಧವೆಯಾಗಿ ಬಂದ ನಾದಿನಿ, ಮೂರು ಜನ ಮೈದುನರು, ಬಂದು ಹೋಗುವವರು. ಪಡಸಾಲೆಯಲ್ಲಿ ಕೂರುವ ಹಾಗಿಲ್ಲ, ಜಗಲಿಗೆ ಕಾಲಿಡುವ ಹಾಗಿಲ್ಲ. ಎಲ್ಲೆಲ್ಲೂ ಒಬ್ಬರಲ್ಲ ಒಬ್ಬರ ಕಣ್ಣು. "ಈ ಕತ್ತಲೆಯೊಂದೇ ನನ್ನದು ಅಂತ ಇದ್ದಿದ್ದು. ಇಲ್ಲಿ ಕೂತು ಅತ್ತರೆ ಹೊಗೆ ಅಂತಿದ್ದೆ. ಯಾರೂ ಕೇಳ್ತಿರಲಿಲ್ಲ. ಹಸಿವಾದರೆ ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡ್ರೂ ಯಾರಿಗೂ ಕಾಣ್ತಿರಲಿಲ್ಲ. ಈಗ ಅಲ್ಲಿ ಕಿಟಕಿ ತೆಗೆದರೆ ಆ ಸಂದೀಲಿ ಓಡಾಡೋ ಜನ ಎಲ್ಲಾ ಇಣುಕ್ತಾರೆ. ಊರಿಗೆ ಬಂದೋರಿಗೆಲ್ಲಾ ನಾನೇನು ಮದನಿಕೆಯೇ ನೋಡಕ್ಕೆ?"

ಮದನಿಕೆ ಅಂದಾಗ ನಗು ಬಂತು, ಆದರೆ ನಗಲಿಲ್ಲ. ನಮ್ಮ ಹಿತ್ತಲಿನಾಚೆ ಒಂದು ಸಂದಿ ಇದೆ. ಗಾಡಿ ನಿಲ್ಲಿಸಿದ ಪ್ರವಾಸಿಗರು ಹತ್ತಿರದ ದಾರಿ ಅಂತ ಅಲ್ಲಿಂದಲೇ ದೇವಸ್ಥಾನಕ್ಕೆ ನಡೆಯುತ್ತಾರೆ. ಅವರು ಕುತೂಹಲದಿಂದ ಎಲ್ಲ ಕಡೆ ಮೊಬೈಲು ಹಿಡಿಯುವುದೂ ನಿಜ. ಇಪ್ಪತ್ತೊಂದು ವರ್ಷ ಅವರ ಜೊತೆ ಅದೇ ಕೋಣೆಯಲ್ಲಿ ಬೆಂದಿದ್ದೇನೆ. ಆ ಕತ್ತಲೆ ನನಗೆ ಕಷ್ಟ ಅಂತ ಮಾತ್ರ ಗೊತ್ತಿತ್ತು. ಅವರಿಗೆ ಅದು ಆಸರೆಯಾಗಿತ್ತು ಅಂತ ನಾನು ಕೇಳಿರಲೇ ಇಲ್ಲ. ಕಿಟಕಿ ಮಾತು ಬಿಟ್ಟುಬಿಟ್ಟೆ.

ಬಿಟ್ಟು ಎರಡು ವಾರವಾಗಿತ್ತೇನೋ. ಧನುರ್ಮಾಸ. ಬೆಳಗಿನ ಪೂಜೆಗೆ ಇಬ್ಬರೂ ಹೋಗಿದ್ದೆವು. ನೀವು ಬೇಲೂರಿಗೆ ಬಂದಾಗ ಒಂದು ಕೆಲಸ ಮಾಡಿ. ಎಲ್ಲರೂ ಹೊರಗಿನ ಮದನಿಕೆಯರನ್ನು ತಲೆಯೆತ್ತಿ ನೋಡುತ್ತಾರೆ, ಒಳಗೆ ಹೋಗಿ ನರಸಿಂಹ ಕಂಬ ಮುಟ್ಟಿ ಬರುತ್ತಾರೆ. ನೀವು ನವರಂಗದಲ್ಲಿ ಸುಮ್ಮನೆ ಐದು ನಿಮಿಷ ನಿಂತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಸುತ್ತಲಿನ ಜಾಲಂಧ್ರಗಳನ್ನು ನೋಡಿ. ಜಾಲಂಧ್ರ ಅಂದರೆ ಕಲ್ಲಿನ ಜಾಲರಿ ಕಿಟಕಿ. ಕೆಲವದರಲ್ಲಿ ನಕ್ಷತ್ರದ ಹಾಗೆ, ಚೌಕದ ಹಾಗೆ ತೂತು. ಕೆಲವದರಲ್ಲಿ ಪುರಾಣದ ಕಥೆಗಳು. ಪೂರ್ವದ ಬಾಗಿಲ ಪಕ್ಕದಲ್ಲಿ ರಾಜನ ಒಡ್ಡೋಲಗ. ಎಲ್ಲದಕ್ಕಿಂತ ಹೆಚ್ಚಿನ ವಿಷಯ ಏನು ಗೊತ್ತೇ? ವಿಷ್ಣುವರ್ಧನ ಮಹಾರಾಜ 1117ರಲ್ಲಿ ದೇವರ ಪ್ರತಿಷ್ಠೆ ಮಾಡಿಸಿದಾಗ ಈ ಕಿಟಕಿಗಳು ಇರಲಿಲ್ಲ! ಮಂಟಪ ಸುತ್ತಲೂ ತೆರೆದೇ ಇತ್ತಂತೆ. ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ ಈ ಜಾಲರಿಗಳನ್ನು ಕೂರಿಸಿ ಮುಚ್ಚಿದರು. ಅಂದರೆ ದೇವಸ್ಥಾನಕ್ಕೂ ಕಿಟಕಿ ಆಮೇಲೆ ಬಂದದ್ದೇ. ನನ್ನದು ಬೆಳಕು ಬರಲಿ ಅಂತ, ಅವರದು ಬೆಳಕಿಗೊಂದು ಮರೆ ಇರಲಿ ಅಂತ, ಅಷ್ಟೇ ವ್ಯತ್ಯಾಸ.

ದಕ್ಷಿಣದ ಬಾಗಿಲ ಹತ್ತಿರ ಒಂದು ಜಾಲಂಧ್ರದ ಮುಂದೆ ನಮ್ಮತ್ತೆ ನಿಂತರು. ಹೊರಗೆ ಜಗತಿಯ ಮೇಲೆ ಶಾಲೆಯ ಮಕ್ಕಳ ಸಾಲು ಹೋಗುತ್ತಿತ್ತು. ಒಬ್ಬ ಹುಡುಗ ಮೂಗೊರೆಸಿಕೊಂಡಿದ್ದೂ ಕಾಣುತ್ತಿತ್ತು. ನಾನು ದೊಡ್ಡದಾಗಿ ಕಂಡುಹಿಡಿದವಳ ಹಾಗೆ, "ನೋಡಿ ಅತ್ತೆ, ನಮಗೆ ಅವರು ಕಾಣ್ತಾರೆ, ಅವರಿಗೆ ನಾವು ಕಾಣಲ್ಲ" ಅಂದೆ.

"ಇದು ನನಗೆ ಗೊತ್ತಿಲ್ವೇನೇ?" ಅಂದರು. "ಮದುವೆಯಾದ ಹೊಸದರಲ್ಲಿ ದೇವಸ್ಥಾನಕ್ಕೆ ಮಾತ್ರ ಕಳಿಸ್ತಿದ್ರು. ಪ್ರದಕ್ಷಿಣೆ ಅಂತ ಹೇಳಿ ಇಲ್ಲೇ ನಿಂತು ಜನ ನೋಡ್ತಿದ್ದೆ. ಎಂತೆಂಥಾ ಸೀರೆ ಉಟ್ಕೊಂಡು ಬರ್ತಿದ್ರು ಗೊತ್ತಾ, ಬೆಂಗಳೂರು ಕಡೆಯೋರು." ಸ್ವಲ್ಪ ಹೊತ್ತು ಬಿಟ್ಟು, ಹೊರಗೆ ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಂಡು, "ಇಂಥಾದ್ದು ಇಡ್ತಾರೇನೆ ಆ ಮೇಸ್ತ್ರಿ?" ಅಂದರು.

ಮನೆಗೆ ಬಂದವರೇ ಸೊಂಟದ ಬೀಗದಕೈ ತೆಗೆದುಕೊಟ್ಟರು. ಟ್ರಂಕಿನಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, 1974ರಿಂದ ಒಂದು ವರ್ಷವೂ ಬಿಡದೆ ಕಂದಾಯದ ರಸೀದಿಗಳು. ನುಸಿಗುಳಿಗೆ ಹಾಕಿ ಹಾಕಿ ಕಾಪಾಡಿದ್ದು ಮಾವನವರಲ್ಲ, ಇವರೇ. ಓದಲು ಬಾರದ ಕಾಗದಗಳನ್ನು!

ಮುಂದಿನದು ಬೇಗ ಹೇಳಿಬಿಡುತ್ತೇನೆ. ಭಾವನವರ ರುಜು ಬಂತು. 2023ರ ಫೆಬ್ರವರಿಯಲ್ಲಿ ರಾಜ್ಯದ ಸಕ್ಷಮ ಪ್ರಾಧಿಕಾರಿಗೆ ಅರ್ಜಿ ಹೋಯಿತು, ಕಂಪ್ಯೂಟರಿನಲ್ಲೇ. ಜೊತೆಗೆ ಖಾತೆ, ರಸೀದಿಗಳ ಪ್ರತಿ, ಗೋಡೆಯ ಫೋಟೋ, ಮನೆಯ ನಕ್ಷೆ. ನಕ್ಷೆಯಲ್ಲಿ ಕಿಟಕಿಯ ಅಳತೆ, ಮೂರಡಿ ಅಗಲ ಎರಡೂವರೆ ಅಡಿ ಎತ್ತರ, ಸ್ಪಷ್ಟವಾಗಿ ತೋರಿಸಿದ್ದೆವು. ಅಳತೆಗೆ ಒಬ್ಬರು ಬಂದು ಹೋದರು. ಕಾಫಿ ಬೇಡ ಅಂದರು, ಆದರೆ ಕೋಡುಬಳೆ ತಿಂದರು. ಜುಲೈ ತಿಂಗಳಲ್ಲಿ ಅನುಮತಿಯ ಕಾಗದ ಬಂತು. ಮನೆಯ ಎತ್ತರ, ಅಗಲ ಒಂದಿಂಚೂ ಬದಲಾಗಕೂಡದು, ತೋರಿಸಿದ ಅಳತೆಯ ಕಿಟಕಿ ಮಾತ್ರ ಅಂತ. ಹೊರಗೆ ಸಜ್ಜೆ ಹಾಕಿಸುವ ಆಸೆ ಇತ್ತು, ಬಿಟ್ಟೆವು. ಹೇಗೂ ಮಾಡಿನ ಸೂರು ಮುಂದಕ್ಕೆ ಚಾಚಿದೆ. ಮೇಲಾಗಿ ನಮ್ಮದು ಉತ್ತರದ ಗೋಡೆ. ಇಲ್ಲಿ ಮಳೆ ಹೊಡೆಯುವುದು ಪಶ್ಚಿಮ, ನೈಋತ್ಯದಿಂದ.

ಮಳೆಗಾಲದಲ್ಲಿ ಮಣ್ಣಿನ ಗೋಡೆ ಒಡೆಯುವುದು ಬೇಡ ಅಂತ ಮೇಸ್ತ್ರಿ ದೀಪಾವಳಿಗೆ ಮುಂದೂಡಿದ. ಅಷ್ಟರಲ್ಲಿ, ಸೆಪ್ಟೆಂಬರ್ 18ಕ್ಕೆ, ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಊರಿಗೆಲ್ಲಾ ಸಂತೋಷ, ನನಗೂ. ಆದರೆ ಪಕ್ಕದ ಮನೆಯಾಕೆ ಬೇಲಿ ಮೇಲಿಂದ "ಇನ್ನು ನಿಮ್ಮ ಕಿಟಕಿ ಆದ ಹಾಗೇ ಬಿಡಿ!" ಅಂದಾಗ ಎದೆ ಧಸಕ್ಕೆಂದಿತು. ಅನುಮತಿಯ ಕಾಗದವನ್ನು ತೆಗೆದು ಮೂರು ಸಲ ಓದಿದೆ. ಕಾಗದ ಕಾಗದವೇ, ಯಾರೂ ಬಂದು ಕಿತ್ತುಕೊಳ್ಳಲಿಲ್ಲ.

ನವೆಂಬರಿನಲ್ಲಿ ಕೆಲಸ ಆಯಿತು. ಹಳೆಯ ಮಣ್ಣಿನ ಗೋಡೆಯಿರುವವರು ಇದನ್ನು ಗಮನಿಸಿ. ಕಿಟಕಿ ಅಂತ ಮೊದಲೇ ತೂತು ಹೊಡೆಯಬಾರದು. ನಮ್ಮ ಗೋಡೆ ಒಂದೂವರೆ ಅಡಿ ದಪ್ಪ. ಮೇಸ್ತ್ರಿ ಮೊದಲು ಅಟ್ಟದ ತೊಲೆಗೆ ಕೆಳಗಿನಿಂದ ಎರಡು ಕಂಬದ ಆಸರೆ ಕೊಟ್ಟ. ಆಮೇಲೆ ಕಿಟಕಿಯ ನೆತ್ತಿ ಬರುವ ಕಡೆ, ಒಳಗಿನಿಂದ ಗೋಡೆಯ ಅರ್ಧ ದಪ್ಪದಷ್ಟು ಮಾತ್ರ ಕೊರೆದು ಒಂದು ಕಲ್ಲಿನ ಚಪ್ಪಡಿ ಕೂರಿಸಿದ. ಎರಡು ಕಡೆಯೂ ಮುಕ್ಕಾಲು ಅಡಿ ಗೋಡೆಯೊಳಗೆ ಹೋಗುವ ಹಾಗೆ. ಅದು ಬಿಗಿಯಾದ ಮೇಲೆ ಹೊರಗಿನಿಂದ ಇನ್ನರ್ಧ ಕೊರೆದು ಇನ್ನೊಂದು ಚಪ್ಪಡಿ. ಎರಡೂ ಕೂತ ಮೇಲೆಯೇ ಕೆಳಗಿನ ಮಣ್ಣು ಬಿಡಿಸಿದ್ದು. ಗೋಡೆಯ ಮೂಲೆಯಿಂದ ಎರಡಡಿ ದೂರ ಬಿಟ್ಟ. ಇನ್ನೊಂದು ಜಾಣತನ ಮಾಡಿದ. ಕಿಟಕಿಯ ಪಕ್ಕದ ಗೋಡೆಯನ್ನು ನೇರ ಕೊರೆಯದೆ ಒಳಗೆ ಬರುತ್ತಾ ಅಗಲವಾಗುವ ಹಾಗೆ ಓರೆಯಾಗಿ ಕೆತ್ತಿ, ಅದಕ್ಕೆ ಬಿಳಿ ಸುಣ್ಣ ಬಳಿದ. ದಪ್ಪ ಗೋಡೆಯಲ್ಲಿ ಸಣ್ಣ ಕಿಟಕಿಯಾದರೂ ಬೆಳಕು ಬಿಚ್ಚಿಕೊಂಡು ಒಳಗೆ ಬರುತ್ತದೆ. ಕೆಳಗಿನ ಅರ್ಧಕ್ಕೆ ಸುಟ್ಟ ಮಣ್ಣಿನ ಜಾಲರಿ ಇಟ್ಟಿಗೆ, ಮೇಲಿನ ಅರ್ಧಕ್ಕೆ ತೆರೆದು ಮುಚ್ಚುವ ಗಾಜಿನ ಬಾಗಿಲು. ನಿಂತವಳಿಗೆ ಹಿತ್ತಲ ಪೂರ್ತಿ ಕಾಣುತ್ತದೆ, ಕೂತವರು ಹೊರಗಿನವರಿಗೆ ಕಾಣುವುದಿಲ್ಲ. ಎಲ್ಲ ಸೇರಿ ಹದಿನಾಲ್ಕು ಸಾವಿರ ಆಯಿತು. ಅದರಲ್ಲಿ ನಾನು ಉಳಿಸಿಟ್ಟಿದ್ದ ಹಾಲಿನ ದುಡ್ಡು ಆರು ಸಾವಿರ, ಅದನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಉತ್ತರದ ಬೆಳಕು ಎಷ್ಟು ತಣ್ಣಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಬಿಸಿಲು ಬೀಳುವುದಿಲ್ಲ, ಕಣ್ಣು ಕುಕ್ಕುವುದಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಹದ. ಬಚ್ಚಲಿನ ಮೆಟ್ಟಿಲು ಕಾಣುತ್ತದೆ. ಆದರೆ ಜೊತೆಗೇ ಮಸಿ ಹಿಡಿದ ಜಂತೆ, ಗೂಡಿನ ಮೂಲೆಯ ಜಿಡ್ಡು, ಸಾಸಿವೆ ಡಬ್ಬಿಯ ಹಿಂದಿನ ಜೇಡರ ಬಲೆ, ಎಲ್ಲಾ ಕಂಡವು. ಇಪ್ಪತ್ತು ವರ್ಷ ನಾನು ಅಚ್ಚುಕಟ್ಟಿನ ಹೆಂಗಸು ಅಂದುಕೊಂಡಿದ್ದೆ! ಮೂರು ದಿನ ಸೀಗೆಪುಡಿ, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ನಮ್ಮತ್ತೆ ಪೀಠದ ಮೇಲೆ ಕೂತು, "ಇನ್ನೂ ಅಲ್ಲಿದೆ ನೋಡು... ಅಲ್ಲಲ್ಲ, ಎಡಗಡೆ" ಅಂತ ತೋರಿಸುತ್ತಿದ್ದರು. ಪೊರೆ ತೆಗೆಸದ ಕಣ್ಣಿಗೂ ಅಷ್ಟು ಕಾಣುತ್ತಿತ್ತು.

ಡಿಸೆಂಬರ್ ಬಂತು, ಅವರೆಕಾಯಿ ಕಾಲ. ನಮ್ಮ ಹಾಸನದ ಕಡೆ ಅವರೆಕಾಯಿ ಸುಲಿಯದ ಮನೆ ಯಾವುದು? ಮೊದಲೆಲ್ಲ ಸುಲಿಯುವುದಕ್ಕೆ ನಡುಮನೆಗೆ ಬರುತ್ತಿದ್ದವರು ಆ ವರ್ಷ ಜಾಲರಿಯ ಪಕ್ಕ ಚಾಪೆ ಹಾಸಿಕೊಂಡರು. ಎಡಗೈಯಲ್ಲಿ ಕಾಯಿ, ಸುಧಾರಿಸಿದ ಬಲಗೈಯಲ್ಲಿ ನಿಧಾನವಾಗಿ ಸುಲಿಯುವುದು, ಕಣ್ಣು ಸಂದಿಯ ಮೇಲೆ. ನಾನು ಒಲೆಯ ಮುಂದೆ ಇರುವಾಗ ವರದಿ ಬರುತ್ತಿರುತ್ತದೆ. ಈಗಲೂ ಬರುತ್ತದೆ. "ನೋಡೇ, ಆ ಹುಡುಗಿ ಉಟ್ಟಿರೋದು ಕೊಳ್ಳೇಗಾಲದ್ದಾ, ಧರ್ಮಾವರಂದಾ?" ಅನ್ನುತ್ತಾರೆ. ನಾನು ಸಾರಿನ ಸೌಟು ಹಿಡಿದೇ ಮೇಲಿನ ಗಾಜಿನಿಂದ ಇಣುಕುತ್ತೇನೆ. "ಹಾಗೆ ಎದ್ದು ನಿಂತು ನೋಡ್ಬೇಡ್ವೇ, ನಿನ್ನ ಮುಖ ಕಾಣುತ್ತೆ ಅವರಿಗೆ. ಬಾ, ಇಲ್ಲಿ ಕೂತ್ಕೊಂಡು ನೋಡು" ಅಂತ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾರೆ.